ವಸಂತದ ಒಂದು ದಿನ, ನಾರೋಬೋಟ್ ಚುಕ್ಕಾಣಿ ಹಿಡಿದು

ಇಂಗ್ಲೆಂಡಿನಲ್ಲಿರುವ ಮಕ್ಕಳ ಮನೆಗೆ ಬರುವ ನಮ್ಮವರು ಬಾತ್ ಊರಿನ ರೋಮನ್ ಸ್ನಾನಗೃಹ ನೋಡಿ ಅಂದೇ ಸಂಜೆ ರೈಲು ಹತ್ತಿಬಿಡುತ್ತಾರೆ. ಏಪ್ರಿಲ್ ಕೊನೆಗೋ ಮೇ ತಿಂಗಳಲ್ಲೋ ಬಂದರೆ ಒಂದು ದಿನ ಹೆಚ್ಚಿಗೆ ಉಳಿಯಿರಿ. ಪಕ್ಕದ ಬ್ರಾಡ್‌ಫರ್ಡ್-ಆನ್-ಏವನ್‌ನಲ್ಲಿ ದಿನದ ಬಾಡಿಗೆಗೆ ನಾರೋಬೋಟ್ ಎಂಬ ಕಿರಿದಗಲದ ಎಂಜಿನ್ ದೋಣಿ ಸಿಗುತ್ತದೆ. ಕೆನೆಟ್ ಆ್ಯಂಡ್ ಏವನ್ ಕಾಲುವೆಯಲ್ಲಿ ಅದನ್ನು ನೀವೇ ನಡೆಸಬಹುದು, ಲೈಸೆನ್ಸ್ ಬೇಕಿಲ್ಲ. 1810ರಲ್ಲಿ ಪೂರ್ಣಗೊಂಡ ಈ ಕಾಲುವೆ ರೈಲು ಬಂದ ಮೇಲೆ ಮೂಲೆಗುಂಪಾಗಿತ್ತು. ಸ್ವಯಂಸೇವಕರು ದಶಕಗಟ್ಟಲೆ ಹೂಳೆತ್ತಿ, ದೋಣಿಯನ್ನು ಏರಿಸಿ ಇಳಿಸುವ ಲಾಕ್‌ಗಳನ್ನು ದುರಸ್ತಿ ಮಾಡಿದ್ದರಿಂದ 1990ರಲ್ಲಿ ಮತ್ತೆ ಉದ್ದಕ್ಕೂ ತೆರೆಯಿತು.

ಮೊದಲು ದೂರ ನಿರ್ಧರಿಸಿ. ಬಾತ್‌ವರೆಗೆ ಹೋಗುವ ಆಸೆ ಬೇಡ. ಕಾಲುವೆಯನ್ನೇ ಸೇತುವೆಯಂತೆ ನದಿಯ ಮೇಲೆ ದಾಟಿಸುವ ಡಂಡಾಸ್ ಮೇಲ್ಗಾಲುವೆಯವರೆಗೆ ಹೋಗಿ ಬಂದರೆ ಸಾಕು. ಹೋಗಲು ಎರಡೂವರೆ ಗಂಟೆ, ಬರಲು ಅಷ್ಟೇ, ನಡುವೆ ಊಟ. ಕಾಲುವೆಯ ವೇಗಮಿತಿ ಗಂಟೆಗೆ 4 ಮೈಲಿ, ನಿಜವಾಗಿ ಹೋಗುವುದು ಅದಕ್ಕಿಂತಲೂ ಕಡಿಮೆ. ಪಕ್ಕದ ದಾರಿಯಲ್ಲಿ ನಾಯಿ ಹಿಡಿದು ನಡೆಯುವವರು ನಿಮ್ಮನ್ನು ಹಿಂದೆ ಹಾಕುತ್ತಾರೆ.

ಬುತ್ತಿ, ಸ್ವೆಟರ್, ಮಳೆ ಕೋಟು ಇರಲಿ. ಒಂದೇ ದಿನದಲ್ಲಿ ಬಿಸಿಲು, ಮಳೆ, ಚಳಿ ಮೂರೂ ಬರುತ್ತವೆ. ಮಕ್ಕಳಿಗೆ ಲೈಫ್‌ಜಾಕೆಟ್ ಹಾಕದೆ ಹೊರಡಬೇಡಿ.

ಚುಕ್ಕಾಣಿ

ನಾರೋಬೋಟ್ ಅಗಲ 2.1 ಮೀಟರ್ ಅಷ್ಟೇ. ಉದ್ದ ಮಾತ್ರ ಕೆಲವಕ್ಕೆ 20 ಮೀಟರ್ ದಾಟುತ್ತದೆ. ನೀವು ನಿಲ್ಲುವುದು ತೀರಾ ಹಿಂದೆ. ಚುಕ್ಕಾಣಿಯ ಹಿಡಿಯನ್ನು ಎಡಕ್ಕೆ ತಳ್ಳಿದರೆ ಮೂತಿ ಬಲಕ್ಕೆ ಹೋಗುತ್ತದೆ. ಆದರೆ ತಳ್ಳಿದ ಕೂಡಲೇ ಏನೂ ಆಗುವುದಿಲ್ಲ. ಮೂರು ನಾಲ್ಕು ಎಣಿಸುವಷ್ಟು ಹೊತ್ತು ದೋಣಿ ನೆಟ್ಟಗೇ ಸಾಗಿ, ಆಮೇಲೆ ಮೆಲ್ಲಗೆ ಹೊರಳುತ್ತದೆ. ಮೊದಲ ಸಲ ನನಗೆ ಆ ಮೂರು ಎಣಿಕೆ ಕಾಯಲಾಗಲಿಲ್ಲ. ಇನ್ನಷ್ಟು ತಳ್ಳಿದೆ, ಮೂತಿ ಎದುರು ದಡದ ಜೊಂಡಿಗೆ ನುಗ್ಗಿತು. ಸ್ವಲ್ಪ ತಳ್ಳಿ, ಕಾಯಿರಿ, ಹೊರಳಲು ಶುರುವಾದ ಕೂಡಲೇ ಹಿಡಿಯನ್ನು ನಡುವಿಗೆ ತನ್ನಿ.

ಬ್ರೇಕ್ ಇಲ್ಲ. ನಿಲ್ಲಿಸಲು ರಿವರ್ಸ್ ಹಾಕಬೇಕು, ಆಗ ಚುಕ್ಕಾಣಿ ಮಾತು ಕೇಳುವುದಿಲ್ಲ. ಎದುರು ದೋಣಿ ಬಂದರೆ ಬಲಕ್ಕೆ ಸರಿಯಿರಿ, ರಸ್ತೆಯಂತೆ ಎಡಕ್ಕಲ್ಲ. ದಡಕ್ಕೆ ಕಟ್ಟಿದ ದೋಣಿಗಳು ಕಂಡರೆ ತಲುಪುವ ಮುಂಚೆಯೇ ಎಂಜಿನ್ ತಗ್ಗಿಸಿ. ಅವು ಜನ ಬಾಳುವ ಮನೆಗಳು. ನಿಮ್ಮ ಅಲೆ ಅವರ ಹಗ್ಗ ಜಗ್ಗಿ ಗೂಟವನ್ನೇ ಕೀಳಬಲ್ಲದು.

ಲಾಕ್ ಇಳಿಯುವುದು

ನಿಮ್ಮ ದೋಣಿ ಬ್ರಾಡ್‌ಫರ್ಡ್ ಲಾಕ್‌ನ ಮೇಲ್ಬದಿಯಲ್ಲಿದ್ದರೆ ಮೊದಲ ಕೆಲಸವೇ ಇದು. ಲಾಕ್ ಎಂದರೆ ಎರಡೂ ತುದಿಗೆ ಬಾಗಿಲಿರುವ ಕಲ್ಲಿನ ತೊಟ್ಟಿ. ಬಾಗಿಲ ಬಳಿಯ ಪ್ಯಾಡಲ್‌ಗಳು ನಮ್ಮ ಕೆರೆಗಳ ತೂಬಿನಂತೆಯೇ ಕೆಲಸ ಮಾಡುತ್ತವೆ. ವಿಂಡ್ಲಾಸ್ ಎಂಬ ಕಬ್ಬಿಣದ ಹಿಡಿಕೆಯಿಂದ ತಿರುಗಿಸಿ ಎತ್ತಬೇಕು. ತೊಟ್ಟಿ ತುಂಬಿದ ಮೇಲೆ ಮೇಲಿನ ಬಾಗಿಲಿಂದ ಒಳಹೊಕ್ಕು, ಬಾಗಿಲು ಮುಚ್ಚಿ, ಕೆಳಗಿನ ಪ್ಯಾಡಲ್ ಎತ್ತಿ. ನೀರು ಇಳಿಯುವಾಗ ಮೇಲಿನ ಬಾಗಿಲ ಬುಡದಲ್ಲಿ ಕಲ್ಲಿನ ಮೆಟ್ಟಿಲೊಂದು ಹೊರಬೀಳುತ್ತದೆ. ದೋಣಿಯ ಹಿಂಭಾಗ ಅದರ ಮೇಲೆ ಕೂತರೆ ಮುಂಭಾಗ ಮುಳುಗುತ್ತದೆ. ಆದ್ದರಿಂದ ಗೋಡೆಯ ಮೇಲಿನ ಗುರುತು ದಾಟಿ ಮುಂದೆಯೇ ಇರಿ, ಹಗ್ಗವನ್ನು ಬಿಗಿಯಾಗಿ ಕಟ್ಟದೆ ಕೈಯಲ್ಲಿ ಹಿಡಿದು ಸಡಿಲಿಸುತ್ತಾ ಬನ್ನಿ. ಎರಡೂ ಕಡೆ ನೀರು ಸಮವಾಗುವವರೆಗೆ ಬಾಗಿಲು ಮಿಸುಕುವುದಿಲ್ಲ. ಸಮವಾದಾಗ ಉದ್ದನೆಯ ತೊಲೆಗೆ ಬೆನ್ನು ಕೊಟ್ಟು ಒತ್ತಿದರೆ ಸಾಕು, ಅಷ್ಟು ಭಾರದ ಬಾಗಿಲು ಸದ್ದಿಲ್ಲದೆ ಸರಿಯುತ್ತದೆ. ನನಗೆ ಇಡೀ ದಿನದಲ್ಲಿ ಅತಿ ಇಷ್ಟವಾದ ಗಳಿಗೆ ಅದು.

ಈ ಲಾಕ್‌ನಲ್ಲಿ ಎರಡು ದೋಣಿ ಜೊತೆಜೊತೆಗೆ ಹಿಡಿಸುತ್ತವೆ. ಹಿಂದೆ ಯಾರಾದರೂ ಬರುತ್ತಿದ್ದರೆ ಕಾಯಿರಿ. ಪ್ರತಿ ಸಲ ಲಕ್ಷಗಟ್ಟಲೆ ಲೀಟರ್ ನೀರು ಕೆಳಗೆ ಹೋಗುತ್ತದೆ.

ಡಂಡಾಸ್‌ವರೆಗೆ

ಲಾಕ್ ದಾಟಿದರೆ ಮುಂದೆ ಒಂದೂ ಲಾಕ್ ಇಲ್ಲ. ಏವನ್‌ಕ್ಲಿಫ್‌ನಲ್ಲಿ ಕಾಲುವೆ ಬಲಕ್ಕೆ ಥಟ್ಟನೆ ಹೊರಳಿ ನದಿಯ ಮೇಲೆ ಹಾಯುತ್ತದೆ. ಎದುರು ಬರುವವರು ಕಾಣುವುದಿಲ್ಲ, ಹಾರ್ನ್ ಒತ್ತಿ, ಮುಂಭಾಗದಲ್ಲಿ ಒಬ್ಬರನ್ನು ನಿಲ್ಲಿಸಿ. ಆಚೆಗೆ ಕಾಡು. ಕಾಡುಬೆಳ್ಳುಳ್ಳಿ ಬಿಳಿಯಾಗಿ ಹೂಬಿಟ್ಟಿರುತ್ತದೆ, ಒಗ್ಗರಣೆ ಹಾಕಿದಂಥ ಘಮ ದೋಣಿಯವರೆಗೂ ಬರುತ್ತದೆ. ಹಂಸ ದಡದಲ್ಲಿ ಗೂಡು ಕಟ್ಟಿದ್ದರೆ ಎಂಜಿನ್ ತಗ್ಗಿಸಿ, ದೂರದಿಂದ ಹಾಯಿರಿ.

ಡಂಡಾಸ್ ಮೇಲ್ಗಾಲುವೆ ಜಾನ್ ರೆನ್ನಿ ಕಟ್ಟಿಸಿದ್ದು, 1805ರಲ್ಲಿ ತೆರೆಯಿತು. ಕೆಳಗೆ ನದಿ, ರೈಲು ಹಳಿ, ಮೇಲೆ ನಿಮ್ಮ ದೋಣಿ. ದಾಟಿದ ಮೇಲೆ ಕಾಲುವೆ ಅಗಲವಾಗುವಲ್ಲಿ ದೋಣಿ ತಿರುಗಿಸಿ, ದಡಕ್ಕೆ ಕಟ್ಟಿ, ಊಟ ಮಾಡಿ. ಹಗ್ಗ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದೇ ಬುತ್ತಿ ಬಿಚ್ಚಿ. ಕಾಲುವೆ ನೀರಿನಿಂದ ಇಲಿಜ್ವರ ತಗಲುವ ಸಾಧ್ಯತೆ ಇದೆ.

ಹಿಂತಿರುಗುವಾಗ ಚುಕ್ಕಾಣಿಯನ್ನು ಬೇರೊಬ್ಬರಿಗೆ ಕೊಡಿ. ನೀವು ಮುಂದೆ ಹೋಗಿ ಕೂರಿ. ಎಂಜಿನ್ ಸದ್ದು ಅಲ್ಲಿಗೆ ಬರುವುದಿಲ್ಲ, ಮೂತಿ ನೀರು ಸೀಳುವುದಷ್ಟೇ ಕೇಳುತ್ತದೆ.