ನಾಲ್ವರು ಸುಲೋಚನಾರ ಗೋಜಲು ಬಿಡಿಸಿದ್ದು

ಹಿಂದಿ, ಮರಾಠಿ ಚಿತ್ರಗಳ ನಟಿ ಸುಲೋಚನಾ ಲಾಟಕರ ಅವರ ಚಿತ್ರಪಟ್ಟಿಯನ್ನು ಚಿತ್ರಮಂದಿರಗಳಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ ಹಿಡಿದು ಕಟ್ಟಲಾಗದು, ಪುಣೆಯ ಫಿಲ್ಮ್ ಆರ್ಕೈವಿನಲ್ಲಿ ವರ್ಷಗಟ್ಟಲೆ ಕೂರಬೇಕು ಎಂದವರೇ ಹೆಚ್ಚು. ಅರ್ಧದ ಹತ್ತಿರ ಕಟ್ಟಿ ಆಯಿತು. ಹಿಂದಿಯಲ್ಲಿ 250, ಮರಾಠಿಯಲ್ಲಿ 50 ಎಂದು ಎಲ್ಲರೂ ಬರೆಯುವ ಲೆಕ್ಕದಲ್ಲಿ ನೂರನಲವತ್ತರ ಹತ್ತಿರ ಸಾಕ್ಷಿ ಸಮೇತ ಕೂತಿವೆ.

ತೊಡಕು ಹೆಸರಿನದೇ. ನಮಗೆ ಬೇಕಾದವರು ಚಿಕ್ಕೋಡಿ ಕಡೆಯ ಖಡಕಲಾಟದಲ್ಲಿ 1928ರಲ್ಲಿ ಹುಟ್ಟಿ, ಕೊಲ್ಹಾಪುರದಲ್ಲಿ ನಿರ್ದೇಶಕ ಭಾಲಜಿ ಪೆಂಢಾರಕರ ಗರಡಿಯಲ್ಲಿ ಪಳಗಿ, 2023ರಲ್ಲಿ ತೀರಿಕೊಂಡ ಸುಲೋಚನಾದೀದಿ. ಮೂಕಿ ಕಾಲದ ತಾರೆ ರೂಬಿ ಮೈಯರ್ಸ್ ತೆರೆಯ ಮೇಲೆ ಸುಲೋಚನಾ. ನಟಿ ಸುಲೋಚನಾ ಚಟರ್ಜಿ ಇನ್ನೊಬ್ಬರು. ಮತ್ತೊಬ್ಬರು ಲಾವಣಿ ಹಾಡಿದ ಸುಲೋಚನಾ ಚವ್ಹಾಣ, ಮದುವೆಗೆ ಮುಂಚಿನ ಗ್ರಾಮಫೋನ್ ತಟ್ಟೆಗಳಲ್ಲಿ ಅವರು ಸುಲೋಚನಾ ಕದಂ. ಟೈಟಲ್ ಕಾರ್ಡಿನಲ್ಲಿ ಬರೀ ‘ಸುಲೋಚನಾ’ ಅಂತ ಬಂದರೆ ಯಾರು?

ಅಮ್ಮನ ಪಾತ್ರ ಇದ್ದರೆ ದೀದಿ ಎಂಬ ಸೂತ್ರ ಹಿಡಿದು ಕೆಟ್ಟೆ. 1953ರ ‘ಅನಾರ್ಕಲಿ’ಯ ಜೋಧಾಬಾಯಿ ರೂಬಿ ಮೈಯರ್ಸ್. ಅದೇ ವರ್ಷ ‘ವಹಿನೀಂಚ್ಯಾ ಬಾಂಗಡ್ಯಾ’ದಲ್ಲಿರುವುದು ನಮ್ಮವರು. ಇಂಥ ತಪ್ಪು ಹದಿನೆಂಟೋ ಇಪ್ಪತ್ತೋ ನುಗ್ಗಿದ್ದವು, ಎಲ್ಲ ಕಿತ್ತುಹಾಕಿದೆ. ಈಗ ನಿಯಮ ಒಂದೇ: ಕಾರ್ಡು, ಮುಖ, ಪುಸ್ತಕ, ಮೂರರಲ್ಲಿ ಎರಡು ಒಪ್ಪಬೇಕು. ಒಪ್ಪದಿದ್ದರೆ ಖಾತ್ರಿಯಾಗದವುಗಳ ಪೆನ್ಸಿಲ್ ಪಟ್ಟಿಗೆ. ‘ಸುಜಾತಾ’, ‘ಜಾನಿ ಮೇರಾ ನಾಮ್’ ಥರದವು ಐದು ನಿಮಿಷದ ಕೆಲಸ.

ಹಾಡಿನ ಪುಸ್ತಕದಲ್ಲಿ ಬಹಳ ಸಲ ವರ್ಷ ಇರುವುದಿಲ್ಲ, ಬೆಲೆ ಇರುತ್ತದೆ. ಬೆಲೆಯನ್ನೇ ಹಿಡಿದೆ. ಬರೀ ಆಣೆ ಇದ್ದರೆ ಸಾಮಾನ್ಯವಾಗಿ 1957ರ ಏಪ್ರಿಲ್‌ಗೆ ಮುಂಚಿನದು. ‘ನಯೇ ಪೈಸೆ’ ಇದ್ದರೆ ಅಲ್ಲಿಂದ 1964ರ ಮಧ್ಯದವರೆಗೆ. ಬರೀ ‘ಪೈಸೆ’ ಇದ್ದರೆ ಆಮೇಲಿನದು. ಹಳೆ ದಾಸ್ತಾನು ಖಾಲಿಯಾಗುವತನಕ ಒಂದಷ್ಟು ತಿಂಗಳು ಹಿಂದುಮುಂದು ಇಟ್ಟುಕೊಳ್ಳಿ. 1953ರ ಚಿತ್ರಕ್ಕೆ ನಯೇ ಪೈಸೆ ಪುಸ್ತಕ ಸಿಕ್ಕರೆ ಅದು ಮರುಬಿಡುಗಡೆಯದು, ಅದರಿಂದ ವರ್ಷ ಎತ್ತಬೇಡಿ.

ಪುಸ್ತಕಗಳಿಗೆ ಒಟ್ಟು ಒಂಬತ್ತು ಸಾವಿರದ ಆಸುಪಾಸು ಹೋಯಿತು, ಮೂರರಲ್ಲೊಂದು ಪಾಲು ದಂಡ. ಬಣ್ಣದ ಝೆರಾಕ್ಸನ್ನೇ ಅಸಲು ಅಂತ ಕೊಡುತ್ತಾರೆ. ನಡುಮಡಿಕೆ ಬಿಡಿಸಿ ನೋಡಿ: ಅಸಲಿನಲ್ಲಿ ಪಿನ್ನಿನ ತುಕ್ಕು ಕಾಗದವನ್ನು ತಿಂದು ಹಿಂಬದಿಗೂ ಇಳಿದಿರುತ್ತದೆ, ಬೆರಳಿಗೆ ಪುಡಿ ಹತ್ತುತ್ತದೆ. ನಕಲಿನಲ್ಲಿ ತುಕ್ಕಿನ ಚಿತ್ರ ಮಾತ್ರ, ಪಕ್ಕದಲ್ಲಿ ಹೊಳೆಯುವ ಹೊಸ ಪಿನ್ನು.

ವಿಸಿಡಿಯದು ಬೇರೆ ಗೋಳು. ಕಂಪನಿಯವರು ಟೈಟಲನ್ನೇ ಕತ್ತರಿಸಿರುತ್ತಾರೆ. ಡಿಸ್ಕಿನಲ್ಲಿ ಚಿತ್ರ ಪೂರ್ತಿ ಇದೆಯೇ ಎಂದು ನೋಡಲು, ಸೆನ್ಸಾರ್ ಸರ್ಟಿಫಿಕೇಟಿನಲ್ಲಿ ರೀಲಿನ ಉದ್ದದ ಅಡಿ ಲೆಕ್ಕ ಸಿಕ್ಕರೆ 90ರಿಂದ ಭಾಗಿಸಿ, ನಿಮಿಷ ಬರುತ್ತದೆ. 12,600 ಅಡಿ ಅಂದರೆ 140 ನಿಮಿಷ. ಆದರೆ ಡಿಸ್ಕು ಸೆಕೆಂಡಿಗೆ 24ರ ಬದಲು 25 ಫ್ರೇಮು ಓಡಿಸಿದರೆ ಅದೇ ಚಿತ್ರ 134ಕ್ಕೆ ಇಳಿಯುತ್ತದೆ. ಇದು ತಿಳಿಯದೆ ಏಳೆಂಟು ಪೂರ್ತಿ ಪ್ರತಿಗಳನ್ನು ‘ಕತ್ತರಿ ಬಿದ್ದದ್ದು’ ಅಂತ ಪಕ್ಕಕ್ಕಿಟ್ಟಿದ್ದೆ.

ಕತ್ತರಿಸದೆ ಉಳಿದ ಕಾರ್ಡಿನ ಅಕ್ಷರ ವಿಸಿಡಿಯ 352×288 ಪಿಕ್ಸೆಲ್ಲಿನಲ್ಲಿ ಕಲಸಿಹೋಗಿರುತ್ತದೆ. ಒಂದೇ ಫ್ರೇಮು ಹಿಗ್ಗಿಸಿ ಫಲವಿಲ್ಲ. ಕಾರ್ಡು ಅಲುಗದ ಕಡೆ ಹತ್ತು ಫ್ರೇಮು ತೆಗೆದು ಒಂದರ ಮೇಲೊಂದು ಇಟ್ಟು ಸರಾಸರಿ ಮಾಡಿದರೆ ಕಾಳುಕಾಳು ಕರಗಿ ಅಕ್ಷರದ ಮಾತ್ರೆಗಳು ಮೇಲೇಳುತ್ತವೆ. ಮೂವತ್ತಕ್ಕೆ ಹೋದರೆ ಪ್ರಿಂಟಿನ ನಡುಕ ಸೇರಿ ಮತ್ತೆ ಮಸುಕು. ಮುಖ ಗುರುತಿಸುವ ಸಾಫ್ಟ್‌ವೇರನ್ನೂ ಓಡಿಸಿ ನೋಡಿದೆ: ತಲೆಗೆ ಬಿಳಿ ಬಣ್ಣ, ಮೇಲೆ ಸೆರಗು ಇದ್ದ ಅಮ್ಮಂದಿರೆಲ್ಲ ಅದಕ್ಕೆ ಒಬ್ಬರೇ. ಕಣ್ಣೇ ವಾಸಿ. ನಾನು ನೋಡುವ ಗುರುತು ಎರಡು, ಒಂದು ಕಿವಿಯ ಹಾಲೆ. ಇನ್ನೊಂದು ಪಟ್ಟಿ ಮುಗಿಯುವತನಕ ನನ್ನಲ್ಲೇ ಇರಲಿ.

ನಲವತ್ತರ ದಶಕದ ಕೊಲ್ಹಾಪುರದ ಚಿತ್ರಗಳೇ ಇನ್ನೂ ಗಂಟು. 1948ರ ಗಲಭೆಯಲ್ಲಿ ಭಾಲಜಿಯವರ ಸ್ಟುಡಿಯೋ ಸುಟ್ಟುಹೋಯಿತು. ಅದರ ಆಚೀಚೆ ಚಿತ್ರೀಕರಣದ ವರ್ಷ, ಬಿಡುಗಡೆಯ ವರ್ಷ ಒಂದೇ ಅಂದುಕೊಂಡರೆ ಏಟು ತಿನ್ನುತ್ತೀರಿ. ನಾನು ಎರಡಕ್ಕೂ ಬೇರೆ ಬೇರೆ ಕಾಲಂ ಹಾಕಿದ್ದೇನೆ. ಪೆನ್ಸಿಲ್ ಪಟ್ಟಿಯಲ್ಲಿ ಉಳಿದಿರುವ ಮೂವತ್ತು ಚಿಲ್ಲರೆಯಲ್ಲಿ ಅರ್ಧ ಅಲ್ಲಿಯವೇ.