ಚಳಿಗಾಲದಲ್ಲಿ ಮಳೆ ಹಿಡಿದರೆ ತೋಟ, ಹೊಲ ಉಳಿಸಿಕೊಳ್ಳುವುದು ಹೇಗೆ?

2021ರ ನವೆಂಬರ್ ನೆನಪಿದೆ ಅಲ್ವಾ? ಬೆಂಗಳೂರಿನ ಯಲಹಂಕದಲ್ಲಿ ಅಪಾರ್ಟ್‌ಮೆಂಟ್ ಜನರನ್ನು ದೋಣಿಯಲ್ಲಿ ಕರೆತಂದಿದ್ದರು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ವರ್ಷಗಟ್ಟಲೆ ಒಣಗಿದ್ದ ಕೆರೆಗಳು ಕೋಡಿ ಬಿದ್ದವು. ಜನ ಬಾಗಿನ ಬಿಟ್ಟರು. ಅದೇ ಊರುಗಳ ಹೊಲದಲ್ಲಿ ಕೊಯ್ಲಿಗೆ ಬಂದಿದ್ದ ರಾಗಿ ನೆಲಕ್ಕೆ ಮಲಗಿ, ತೆನೆಯಲ್ಲೇ ಮೊಳಕೆ ಒಡೆಯಿತು.

ಹಿಂಗಾರು ನಮಗೆ ಹೊಸದಲ್ಲ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅದರ ಕಾಲವೇ. ತೊಂದರೆ ಶುರುವಾಗುವುದು ಅದು ಬಿಡದೆ ಸುರಿದಾಗ. ಮುಂಗಾರಿನಲ್ಲಿ ಗಿಡಕ್ಕೆ ಬೆಳೆಯುವ ಹುರುಪು ಇರುತ್ತದೆ, ಬಿದ್ದ ನೀರು ಖರ್ಚಾಗುತ್ತದೆ. ಚಳಿಗಾಲದಲ್ಲಿ ಹಗಲು ಚಿಕ್ಕದು, ಬಿಸಿಲಿಗೆ ಕಾವಿಲ್ಲ, ಬೆಳಗ್ಗೆ ಎಷ್ಟು ಹೊತ್ತಾದರೂ ಎಲೆ ಮೇಲೆ ಇಬ್ಬನಿ. ಮಣ್ಣು ಒಣಗುವುದೇ ಇಲ್ಲ. ಅದರೊಳಗೆ ಗಾಳಿ ಇರಬೇಕಾದ ಸಂದಿಯಲ್ಲೆಲ್ಲ ನೀರು ತುಂಬಿ ಬೇರು ಉಸಿರುಗಟ್ಟುತ್ತದೆ. ಹಾಗಾಗಿ ಇಂಥ ವರ್ಷ ಮಾಡುವ ಕೆಲಸಕ್ಕಿಂತ ಮಾಡದೆ ಬಿಡುವ ಕೆಲಸವೇ ಜಾಸ್ತಿ.

ಮೊದಲು: ಒದ್ದೆ ಮಣ್ಣಿಗೆ ಕಾಲಿಡಬೇಡಿ

ಮಳೆ ನಿಂತ ಮರುದಿನವೇ ಗುದ್ದಲಿ ಹಿಡಿಯುವ ಆತುರ ಎಲ್ಲರಿಗೂ ಇರುತ್ತದೆ. ಸ್ವಲ್ಪ ತಡೆಯಿರಿ. ಒಂದು ಗೇಣು ಆಳದಿಂದ ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಚುಕಿ. ಉಂಡೆಯಾಗಿ, ಅಂಗೈಗೆ ಮೆತ್ತಿಕೊಂಡರೆ ಇನ್ನೂ ಹದ ಬಂದಿಲ್ಲ. ಉಂಡೆ ಕಟ್ಟಿ, ಹೆಬ್ಬೆರಳಿನಿಂದ ಒತ್ತಿದಾಗ ಪುಡಿಯಾದರೆ ಕೆಲಸ ಶುರು ಮಾಡಿ. ಹದವಿಲ್ಲದ ಮಣ್ಣನ್ನು ತುಳಿದರೆ, ಟ್ರ್ಯಾಕ್ಟರ್ ಓಡಿಸಿದರೆ ಅದು ಒತ್ತಿ ಕೂರುತ್ತದೆ. ಬೇಸಿಗೆಯಲ್ಲಿ ಅದೇ ಜಾಗ ಇಟ್ಟಿಗೆಯಂತೆ ಗಟ್ಟಿಯಾಗಿರುತ್ತದೆ. ಕೆಮ್ಮಣ್ಣು ಬೇಗ ಬಸಿಯುತ್ತದೆ. ಎರೆ ಭೂಮಿಯವರು ಇನ್ನೂ ಹೆಚ್ಚು ದಿನ ಕಾಯಲೇಬೇಕು.

ಎರಡನೆಯದು: ನೀರಿಗೆ ದಾರಿ ಮಾಡಿ

ಇಡೀ ತೋಟ ಅಗೆಯುವುದು ಬೇಡ. ಮಳೆ ಬರುತ್ತಿರುವಾಗಲೇ ಕೊಡೆ ಹಿಡಿದು ಒಂದು ಸುತ್ತು ಹೋಗಿ. ನೀರು ಎಲ್ಲಿ ನಿಲ್ಲುತ್ತದೆ, ಯಾವ ಕಡೆ ಓಡುತ್ತದೆ ಎಂದು ಆಗಲೇ ಸರಿಯಾಗಿ ಕಾಣುವುದು. ಬದಿಯಿಂದಲೇ ನಿಂತು, ಇಳಿಜಾರಿನ ಕಡೆಗೆ ಬಸಿಗಾಲುವೆ ಬಿಡಿಸಿ. ಗಿಡದ ಪಾತಿ ಹೊಂಡದಂತಿದ್ದರೆ ಅದರ ಒಂದು ಬದಿ ಒಡೆಯಿರಿ. ತೆಂಗು, ಅಡಿಕೆ ತೋಟದಲ್ಲಿ ಮುಂಗಾರಿಗೆ ತೆಗೆದ ಬಸಿಗಾಲುವೆ ಇಷ್ಟೊತ್ತಿಗೆ ಸೋಗೆ, ಮಣ್ಣಿನಿಂದ ಮುಚ್ಚಿಹೋಗಿರುತ್ತದೆ. ಅದನ್ನು ಬಿಡಿಸಿದರೆ ಅರ್ಧ ಕೆಲಸ ಮುಗಿದಂತೆ.

ಕುಂಡದ ಗಿಡಗಳ ಕೆಳಗಿನ ತಟ್ಟೆ ತೆಗೆದುಬಿಡಿ. ಅದರಲ್ಲಿ ನಿಂತ ನೀರು ಬೇರಿಗೂ ಕೆಟ್ಟದ್ದು, ಸೊಳ್ಳೆಗೂ ಒಳ್ಳೆ ಜಾಗ. ತಳದ ತೂತು ಕಟ್ಟಿಕೊಂಡಿದ್ದರೆ ಕಡ್ಡಿಯಿಂದ ಚುಚ್ಚಿ. ಕುಂಡವನ್ನು ಎರಡು ಇಟ್ಟಿಗೆ ಚೂರಿನ ಮೇಲೆ ಎತ್ತಿಡಿ.

ಬಾಡಿದ ಗಿಡಕ್ಕೆ ನೀರು ಹಾಕಬೇಡಿ

ಜನ ಜಾಸ್ತಿ ಎಡವುವುದು ಇಲ್ಲೇ. ಬೇರು ಕೊಳೆತರೆ ಗಿಡಕ್ಕೆ ಸುತ್ತ ನೀರಿದ್ದರೂ ಕುಡಿಯಲಾಗದು. ಎಲೆ ಜೋತು ಬೀಳುತ್ತದೆ, ಹಳದಿಯಾಗುತ್ತದೆ. ಪಾಪ, ಬಾಯಾರಿದೆ ಅಂತ ನಾವು ಇನ್ನೊಂದು ಚೊಂಬು ಸುರಿಯುತ್ತೇವೆ. ಅಥವಾ ಗೊಬ್ಬರ ಸಾಲದೆಂದು ಯೂರಿಯಾ ಹಾಕುತ್ತೇವೆ. ಎರಡೂ ಬೇಡ. ತುಳಸಿ, ಗುಲಾಬಿ, ಸೇವಂತಿಗೆ ಹೀಗಾಗಿದ್ದರೆ ಬುಡದ ಮೇಲ್ಮಣ್ಣನ್ನು ಸ್ವಲ್ಪ ಕೆದಕಿ ಗಾಳಿ ಆಡಲು ಬಿಡಿ. ಮಣ್ಣು ಹುಳಿ ನಾತ ಹೊಡೆಯುತ್ತಿದ್ದರೆ ಗಿಡ ಕಿತ್ತು ನೋಡಿ. ಬಿಳಿ ಬೇರು ಜೀವಂತ. ಕಂದುಬಣ್ಣಕ್ಕೆ ತಿರುಗಿ, ಎಳೆದರೆ ಸಿಪ್ಪೆ ಜಾರುವ ಬೇರನ್ನು ಕತ್ತರಿಸಿ, ಹೊಸ ಮಣ್ಣಿಗೆ ಮರಳು ಸೇರಿಸಿ ನೆಡಿ. ಗೊಬ್ಬರ ಹೊಸ ಚಿಗುರು ಬಂದ ಮೇಲೆ.

ಬೋರ್ಡೊ ದ್ರಾವಣ ಮಾಡುವ ಕ್ರಮ

ಎಲೆ ಒಣಗದ ಹವೆಯಲ್ಲಿ ಶಿಲೀಂಧ್ರ ರೋಗಗಳಿಗೆ ಹಬ್ಬ. ಟೊಮೆಟೊಗೆ ಅಂಗಮಾರಿ, ದ್ರಾಕ್ಷಿಗೆ ಬೂಜು ತುಪ್ಪಟ, ಅಡಿಕೆಗೆ ಎಲೆಚುಕ್ಕೆ. ಮೊದಲು ರೋಗ ಬಂದ ಎಲೆಗಳನ್ನು ಕಿತ್ತು ತೋಟದಿಂದ ಹೊರಗೆ ಹಾಕಿ. ಇವಕ್ಕೆಲ್ಲ ಹಳೆಯ, ಅಗ್ಗದ ಮದ್ದು ಶೇ 1ರ ಬೋರ್ಡೊ ದ್ರಾವಣ. ಎಳೆ ಸಸಿ, ಎಳೆ ಚಿಗುರಿಗೆ ಮಾತ್ರ ಇಷ್ಟು ಖಾರ ಬೇಡ, ಸುಡುತ್ತದೆ.

1 ಕಿಲೋ ಮೈಲುತುತ್ತವನ್ನು (ಕಾಪರ್ ಸಲ್ಫೇಟ್) 50 ಲೀಟರ್ ನೀರಿನಲ್ಲಿ ಕರಗಿಸಿ. ಇನ್ನೊಂದು ಡ್ರಮ್ಮಿನಲ್ಲಿ 1 ಕಿಲೋ ಸುಣ್ಣವನ್ನು 50 ಲೀಟರ್ ನೀರಿಗೆ ಕದಡಿ ಸೋಸಿ. ಮೈಲುತುತ್ತದ ನೀರನ್ನು ನಿಧಾನವಾಗಿ ಸುಣ್ಣದ ನೀರಿಗೆ ಸುರಿಯುತ್ತಾ ಕೋಲಿನಿಂದ ತಿರುಗಿಸಿ. ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು, ಕಬ್ಬಿಣದ್ದು ಬೇಡ. ಈಗ ಉಜ್ಜಿ ಹೊಳೆಯುವಂತೆ ಮಾಡಿದ ಕುಡುಗೋಲನ್ನು ಒಂದೆರಡು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ತಾಮ್ರದ ಲೇಪ ಕಂಡರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ. ಅಲಗು ಮೊದಲಿನಂತೇ ಇದ್ದರೆ ದ್ರಾವಣ ಸರಿ. ಅಂದೇ ಬಳಸಿ ಮುಗಿಸಿ. ಎಲೆ ಒಣಗಿದ್ದಾಗ ಮಾತ್ರ ಹೊಡೆಯಬೇಕು. ತುಂತುರಿನಲ್ಲಿ ಹೊಡೆದರೆ ಸುಮ್ನೆ ದುಡ್ಡು ದಂಡ. ಮನೆಯಂಗಳಕ್ಕೆ ಲೀಟರ್ ನೀರಿಗೆ ತಲಾ 10 ಗ್ರಾಂ ಲೆಕ್ಕ ಸಾಕು.

ಬಸವನಹುಳು ಹಾವಳಿ ಇದ್ದರೆ ಸಂಜೆ ಒದ್ದೆ ಗೋಣಿಚೀಲ ಹಾಸಿ, ಕೆಳಗೆ ಪಪ್ಪಾಯಿ ಎಲೆ ಇಡಿ. ಬೆಳಗ್ಗೆ ಅವೆಲ್ಲ ಅಲ್ಲೇ ಸೇರಿರುತ್ತವೆ. ಬರಿಗೈಯಲ್ಲಿ ಮುಟ್ಟದೆ ಹೆಕ್ಕಿ ಉಪ್ಪು ನೀರಿನ ಬಕೆಟ್ಟಿಗೆ ಹಾಕಿ.

ಮಾವು, ಕಾಫಿ

ಮಾವು ಹೂ ಬಿಡಬೇಕಾದರೆ ಅದಕ್ಕೆ ಮೊದಲು ಒಣ ಚಳಿ ಬೇಕು. ಮಣ್ಣಲ್ಲಿ ತೇವ ಉಳಿದರೆ ಮರ ಹೂವಿನ ಬದಲು ಚಿಗುರುತ್ತದೆ. ಈಗ ನೀರು, ಸಾರಜನಕದ ಗೊಬ್ಬರ ಕೊಟ್ಟು ಅದಕ್ಕೆ ಇನ್ನಷ್ಟು ಕುಮ್ಮಕ್ಕು ಕೊಡಬೇಡಿ. ಕಾಫಿಯವರ ಕಷ್ಟವೇ ಬೇರೆ. 2021ರ ಜನವರಿಯಲ್ಲಿ ಮಳೆ ಸುರಿದಾಗ ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಹಣ್ಣು ಗಿಡದಲ್ಲಿರುವಾಗಲೇ ಹೂ ಅರಳಿತು. ಹಣ್ಣು ಕೊಯ್ಯಲು ಕೈ ಹಾಕಿದರೆ ಮುಂದಿನ ವರ್ಷದ ಫಸಲು ಉದುರುತ್ತದೆ. ಹಾಗಾದಾಗ ಹೂ ಕಚ್ಚಿ ಬಾಡುವವರೆಗೆ ಕೆಲವು ದಿನ ಕೊಯ್ಲು ನಿಲ್ಲಿಸುವುದೇ ಲೇಸು.

ರಾಗಿ ಹೊಲದಲ್ಲಿ

ಮಲಗಿದ ಪೈರಿನ ನೀರು ಬಸಿಯುವುದು ಮೊದಲ ಕೆಲಸ. ಒಂದು ಹೊಳವು ಸಿಕ್ಕರೂ ಸಾಕು, ತೆನೆಯನ್ನಷ್ಟೇ ಕೊಯ್ದು ತನ್ನಿ. ಹುಲ್ಲಿಗೆ ಆಮೇಲೆ ನೋಡಿಕೊಳ್ಳೋಣ. ತೆನೆಯನ್ನು ರಾಶಿ ಹಾಕಬೇಡಿ, ಒಳಗೆ ಕಾವು ಏರಿ ಒಂದೇ ರಾತ್ರಿಯಲ್ಲಿ ಮುಗ್ಗುತ್ತದೆ. ಜಗಲಿ, ಕೊಟ್ಟಿಗೆ, ಸಮುದಾಯ ಭವನ, ಸೂರಿರುವ ಎಲ್ಲಾದರೂ ತೆಳ್ಳಗೆ ಹರವಿ ಆಗಾಗ ಕೈಯಾಡಿಸಿ. ಟಾರ್ಪಾಲು ಹೊದಿಸಿದರೆ ಅಂಚು ಎತ್ತಿರಲಿ, ಗಾಳಿ ಹೋಗಲಿ. ಕಪ್ಪಗೆ ಬೂಷ್ಟು ಹಿಡಿದ ಹುಲ್ಲನ್ನು ಹಸುವಿಗೆ ಹಾಕಬೇಡಿ, ಅದರಲ್ಲಿ ವಿಷವಿರಬಹುದು. ಗೊಬ್ಬರದ ಗುಂಡಿಗೆ ಹಾಕಿ.

ಮೊಳಕೆ ಬಂದ ಕಾಳು ಬೂಷ್ಟು ಹಿಡಿಯದಿದ್ದರೆ ತಿನ್ನಬಹುದು. ಆದರೆ ಆ ಹಿಟ್ಟಿನ ಮುದ್ದೆ ಕಟ್ಟುವುದಿಲ್ಲ, ಕೋಲಿಗೆ ಅಂಟಂಟಾಗಿ ಬರುತ್ತದೆ. ಮೊಳಕೆ ಒಡೆದಾಗ ಪಿಷ್ಟ ಕರಗುವುದೇ ಕಾರಣ. ಅಂಬಲಿ, ಮಾಲ್ಟಿಗೆ ಅದು ಚೆನ್ನಾಗೇ ಆಗುತ್ತದೆ.

ಬೀಜಕ್ಕೆ ಎತ್ತಿಡುವವರು ಮಾತ್ರ ಪರೀಕ್ಷೆ ಮಾಡದೆ ಇಡಬೇಡಿ. ನೂರು ಕಾಳು ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಒಂದು ವಾರ ತೇವ ಆರದಂತೆ ನೋಡಿಕೊಳ್ಳಿ. 75ಕ್ಕಿಂತ ಕಡಿಮೆ ಮೊಳೆತರೆ ಆ ರಾಗಿಯನ್ನು ಮಿಲ್ಲಿಗೆ ಕಳಿಸಿ. ಬಿತ್ತನೆ ಬೀಜವನ್ನು ಮಳೆ ಬೀಳದ ಊರಿನ ನೆಂಟರ ಹತ್ತಿರ ಈಗಲೇ ಹೇಳಿಡಿ.