ಮಳೆಗಾಲದ ಮಡಿಕೇರಿಯಲ್ಲಿ ಎರಡು ದಿನ: ಊಟದ ಹೊತ್ತಿಗೆ ಹೊಂದಿಸಿಕೊಂಡ ನಡಿಗೆ

ಮಡಿಕೇರಿಗೆ ನಾನು ಮೊದಲ ಸಲ ಹೋದಾಗ ಕೈಯಲ್ಲಿ ಏಳು ಸ್ಥಳಗಳ ಪಟ್ಟಿ ಇತ್ತು. ತಲಕಾವೇರಿ, ಭಾಗಮಂಡಲ, ಅಬ್ಬಿ ಜಲಪಾತ, ಮಾಂದಲಪಟ್ಟಿ ಎಂದು ಓಡಾಡಿ, ಬಾಡಿಗೆ ಜೀಪಿನಲ್ಲಿ ಬೆಟ್ಟದ ತುದಿಗೆ ಏರಿದರೆ ಅಲ್ಲಿ ಒಂದು ಮಾರು ದೂರವೂ ಕಾಣದಷ್ಟು ಮಂಜು ಕವಿದಿತ್ತು. ಹಸಿದು ಇಳಿದು ಬಂದು ಮಧ್ಯಾಹ್ನ ಮೂರೂವರೆಗೆ ಹೆದ್ದಾರಿ ಬದಿಯ ಒಂದು ಹೋಟೆಲಿನಲ್ಲಿ ಕೊಡವರ ಹಂದಿ ಮಾಂಸದ ಅಡುಗೆಯಾದ ಪಂದಿ ಕರಿ ಕೇಳಿದರೆ, ಸುಟ್ಟ ಮಸಾಲೆಯ ಕಹಿ ಮತ್ತು ಬಾಟಲಿ ವಿನಿಗರಿನ ಹುಳಿ ಎರಡೂ ನಾಲಿಗೆಗೆ ಬೇರೆ ಬೇರೆಯಾಗಿಯೇ ತಗಲುವಂಥ ಪದಾರ್ಥವೊಂದು ತಟ್ಟೆಗೆ ಬಂತು. ಊರನ್ನೂ ನೋಡಲಿಲ್ಲ, ಊರಿನ ಅಡುಗೆಯನ್ನೂ ಉಣ್ಣಲಿಲ್ಲ ಎಂಬ ಕೊರಗು ಬಹಳ ದಿನ ಉಳಿಯಿತು.

ಎರಡನೆಯ ಸಲ ಹೋದಾಗ ತಾಯಿಯವರನ್ನು ಕರೆದುಕೊಂಡು ಹೋಗಿದ್ದೆ. ಅವರಿಗೆ ಎಪ್ಪತ್ತು ದಾಟಿದೆ, ಸಸ್ಯಾಹಾರಿ, ಜೀಪಿನ ಕುಲುಕಾಟ ಆಗದು. ಆದ್ದರಿಂದ ಈ ಬಾರಿ ಊರಿನಿಂದ ಹೊರಗಿನ ಜಾಗಗಳನ್ನೆಲ್ಲ ಬಿಟ್ಟು, ಮಡಿಕೇರಿ ಪಟ್ಟಣದೊಳಗೇ ಎರಡು ದಿನ ಇರುವುದೆಂದು ನಿಶ್ಚಯಿಸಿದೆ. ಮೊದಲು ಎಲ್ಲಿ, ಯಾವ ಹೊತ್ತಿಗೆ ಏನು ಉಣ್ಣಬೇಕು ಎಂಬುದನ್ನು ಗೊತ್ತುಮಾಡಿಕೊಂಡು, ಉಳಿದ ವೇಳೆಯನ್ನು ಅದರ ಸುತ್ತ ಹೊಂದಿಸಿದೆ. ದಿನಗಳನ್ನೂ ಊಟವೇ ಆರಿಸಿತು. ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ 3ರಂದು, ಕೊಡಗಿನ ಮನೆಮನೆಯಲ್ಲೂ ಮದ್ದು ಸೊಪ್ಪಿನ ಪಾಯಸ ಮಾಡುತ್ತಾರೆ. ಮಡಿಕೇರಿಯ ಸಂತೆ ನಡೆಯುವುದು ಶುಕ್ರವಾರ. ಆ ವರ್ಷ ಆಗಸ್ಟ್ 2 ಶುಕ್ರವಾರವೇ ಆಗಿದ್ದುದರಿಂದ ಎರಡೂ ಒಟ್ಟಿಗೆ ಒದಗಿ ಬಂದವು.

ಮೈಸೂರಿನಿಂದ ಸುಮಾರು 120 ಕಿಲೋಮೀಟರ್ ದಾರಿ. ಕುಶಾಲನಗರ ದಾಟಿ ಸುಂಟಿಕೊಪ್ಪದ ಏರು ಹತ್ತುವಾಗಲೇ ಬಸ್ಸಿನ ಕಿಟಕಿಗಳು ಮಂಜಾದವು. ಬೆಳಗಿನ ಮೊದಲ ಬಸ್ಸುಗಳಲ್ಲೊಂದನ್ನು ಹಿಡಿದದ್ದು ಸಂತೆ ತುಂಬುವ ಹೊತ್ತಿಗೆ ಅಲ್ಲಿರಬೇಕೆಂದು. ಆ ಸಂತೆಯಲ್ಲಿ ನಾವು ಎರಡು ಗಂಟೆಗೂ ಮಿಕ್ಕಿ ಕಳೆದೆವು. ಕೆಸುವಿನ ಎಲೆಯ ಕಟ್ಟುಗಳು, ಮುರದಲ್ಲಿ ರಾಶಿ ಹಾಕಿದ ಎಳೆ ಬಿದಿರಿನ ಕಳಲೆ, ಉಗುರಿನಷ್ಟುದ್ದದ ಜೀರಿಗೆ ಮೆಣಸಿನಕಾಯಿ, ಮತ್ತು ಅಂದು ಎಲ್ಲೆಲ್ಲೂ ನೇರಳೆ ಛಾಯೆಯ ದಂಟಿನ ಮದ್ದು ಸೊಪ್ಪು. ತಾಯಿಯವರು ಒಂದೊಂದು ಕಟ್ಟನ್ನೂ ಮೂಸಿ ನೋಡಿದರು, ಮಾರುವ ಹೆಂಗಸರೂ ಬೇಸರಿಸದೆ ಬೇಯಿಸುವ ಕ್ರಮವನ್ನು ಹೇಳಿಕೊಟ್ಟರು. ಕಳಲೆಯನ್ನು ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸದೆ ಅಡುಗೆಗೆ ಹಾಕಲೇಬಾರದು ಎಂಬುದನ್ನು ಒಬ್ಬರು ಮೂರು ಬಾರಿ ಒತ್ತಿ ಹೇಳಿದರು.

ಕಾಚಂಪುಳಿ ಕೊಂಡದ್ದೂ ಅಲ್ಲೇ. ಪಣಪುಳಿ ಹಣ್ಣಿನ ರಸವನ್ನು ಇಳಿಸಿ, ಕಪ್ಪಾಗಿ ಗಟ್ಟಿಯಾಗುವವರೆಗೆ ಕುದಿಸಿ ಮಾಡುವ ಈ ಹುಳಿಯೇ ಪಂದಿ ಕರಿಯ ಜೀವ. ನಾನು ಹಿಂದಿನ ಸಲ ತಿಂದ ಪದಾರ್ಥದಲ್ಲಿ ಇಲ್ಲದಿದ್ದುದು ಇದೇ. ಒಳ್ಳೆಯದನ್ನು ಗುರುತಿಸುವ ಬಗೆಯನ್ನು ಮಾರುವವರೇ ತೋರಿಸಿದರು: ಚಮಚದಲ್ಲಿ ತೆಗೆದು ಓರೆ ಮಾಡಿದಾಗ ನೀರಿನಂತೆ ಹರಿದು ಹೋಗದೆ, ಹನಿ ಚಮಚದ ಅಂಚಿನಲ್ಲಿ ಒಂದು ಕ್ಷಣ ತೂಗಿ ನಿಂತು ಆಮೇಲೆ ಬೀಳಬೇಕು. ತೆಳುವಾಗಿದ್ದರೆ ನೀರು ಬೆರೆತಿದೆ ಎಂದೇ ಅರ್ಥ.

ಊಟಕ್ಕೆ ಮಧ್ಯಾಹ್ನ ಒಂದು ಗಂಟೆ ಹೊಡೆಯುವ ಮುಂಚೆಯೇ ಕೂರಬೇಕೆಂಬುದು ನಾನು ಕಲಿತ ಮುಖ್ಯ ಪಾಠ. ಸಣ್ಣ ಹೋಟೆಲುಗಳಲ್ಲಿ ಕೊಡವ ಅಡುಗೆಯನ್ನು ಮಧ್ಯಾಹ್ನಕ್ಕೆ ಅಳತೆಯಾಗಿ ಮಾಡಿರುತ್ತಾರೆ. ಹೊತ್ತು ಮೀರಿದರೆ ಹಬೆಯಲ್ಲಿ ಬೇಯಿಸಿದ ಉಂಡೆಯಾದ ಕಡಂಬುಟ್ಟು ಮುಗಿದು ಅನ್ನ, ಪರೋಟಗಳಷ್ಟೇ ಉಳಿದಿರುತ್ತವೆ. ಹಿಂದಿನ ದಿನವೇ ಫೋನ್ ಮಾಡಿ ಇಬ್ಬರ ಊಟ ಹೇಳಿ, ಒಬ್ಬರಿಗೆ ಮಾಂಸ ಬೇಡವೆಂದು ತಿಳಿಸಿದ್ದೆ. ಅಕ್ಕಿ ತರಿಯ ಬಿಸಿ ಕಡಂಬುಟ್ಟನ್ನು ಮುರಿದು ಪಂದಿ ಕರಿಯ ಕಪ್ಪು ಗಸಿಯಲ್ಲಿ ಅದ್ದಿದಾಗ ಮೊದಲು ಬಂದದ್ದು ಹುರಿದ ಕೊತ್ತಂಬರಿ ಮತ್ತು ಕಾಳುಮೆಣಸಿನ ಘಮ. ಹುಳಿ ಬಂದದ್ದು ನುಂಗಿದ ಮೇಲೆ, ಗಂಟಲಿನ ಹತ್ತಿರ. ತಾಯಿಯವರಿಗೆ ಅಕ್ಕಿ ಶಾವಿಗೆಯ ನೂಲ್‌ಪುಟ್ಟು, ಕಳಲೆಯ ಬೈಂಬಳೆ ಕರಿ. ಸಸ್ಯಾಹಾರಿಗಳಿಗೆ ಕೊಡಗಿನಲ್ಲಿ ಉಣ್ಣಲು ಏನೂ ಸಿಗದು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಮಳೆಗಾಲದಲ್ಲಿ ಕಳಲೆ, ಅಣಬೆ, ಕೆಸು ಇವೆಲ್ಲ ಇರುವಾಗ ಅವರ ಪಾಲಿಗೇ ಹೆಚ್ಚು ಬಗೆಗಳಿವೆ, ಕೇಳಿ ಮಾಡಿಸಿಕೊಳ್ಳಬೇಕು ಅಷ್ಟೆ.

ಮಧ್ಯಾಹ್ನ ಕೋಟೆಗೆ ಹೋದೆವು. ಕೊಡಗಿನ ಅರಸ ಮುದ್ದುರಾಜ ಮಣ್ಣಿನಲ್ಲಿ ಕಟ್ಟಿಸಿದ್ದನ್ನು ಟಿಪ್ಪು ಕಲ್ಲಿನಲ್ಲಿ ಬಲಪಡಿಸಿದ. ಒಳಗಿನ ಹಳೆಯ ಇಗರ್ಜಿ ಈಗ ವಸ್ತು ಸಂಗ್ರಹಾಲಯ. ಮಳೆಯಲ್ಲಿ ನೆನೆದು ಕಪ್ಪಾದ ಎರಡು ಗಾರೆಯ ಆನೆಗಳನ್ನು ತಾಯಿಯವರು ಮುಟ್ಟಿ ಮುಟ್ಟಿ ನೋಡಿದರು. ಅಲ್ಲಿಂದ ಇಳಿದು ಓಂಕಾರೇಶ್ವರ ದೇವಸ್ಥಾನ. 1820ರಲ್ಲಿ ಅದೇ ಮನೆತನದ ಅರಸ ಲಿಂಗರಾಜೇಂದ್ರ ಕಟ್ಟಿಸಿದ ಈ ಗುಡಿಗೆ ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರಿನಂಥ ಗೋಪುರಗಳಿವೆ. ದೂರದಿಂದ ನೋಡಿದರೆ ಶಿವಾಲಯವೆಂದು ತಟ್ಟನೆ ಹೊಳೆಯದು. ಮಳೆ ಜೋರಾದಾಗ ನಾವು ಒಳ ಆವರಣದಲ್ಲೇ ಕುಳಿತು, ಎದುರಿನ ಕೊಳದ ನೀರು ಹನಿಗಳಿಂದ ಜುಮುಗುಡುವುದನ್ನು ಮುಕ್ಕಾಲು ಗಂಟೆ ನೋಡುತ್ತಿದ್ದೆವು. ಮಳೆಗಾಲವನ್ನು ಆರಿಸಿಕೊಂಡದ್ದು ಸರಿಯಾಯಿತೆಂದು ನನಗೆ ಖಚಿತವಾದದ್ದು ಆಗಲೇ. ಸಂಜೆ ಕಣಿವೆಯ ಅಂಚಿನ ಉದ್ಯಾನವಾದ ರಾಜಾಸೀಟಿನಲ್ಲಿ ಸೂರ್ಯಾಸ್ತ ಕಾಣಲಿಲ್ಲ, ಕಣಿವೆಯಿಂದ ಮಂಜು ಏರಿ ಬಂದು ಕಮಾನುಗಳನ್ನು ಮುಚ್ಚಿತು.

ಮರುದಿನ ಬೆಳಿಗ್ಗೆ ಉಳಿದುಕೊಂಡಿದ್ದ ಮನೆಯವರು ಮದ್ದು ಪಾಯಸ ಮಾಡಿದರು. ಅವರ ಒಪ್ಪಿಗೆ ಪಡೆದು ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದೆ. ಸೊಪ್ಪನ್ನು ದಂಟಿನ ಸಮೇತ ಕುದಿಸಿದಾಗ ನೀರು ಮೊದಲು ಹಸಿರು, ಆಮೇಲೆ ಗಾಢ ನೇರಳೆ. ಆ ನೀರನ್ನು ಸೋಸಿ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿ ಸೇರಿಸಿದರೆ ಆಯಿತು, ಮೇಲೆ ತುಪ್ಪ, ಜೇನು. ಈ ದಿನ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಕೂಡಿಕೊಂಡಿರುತ್ತದೆ ಎಂಬುದು ಇಲ್ಲಿಯವರ ನಂಬಿಕೆ. ಪಾಯಸ ತಿಂದ ಮೇಲೆ ಮೂತ್ರ ಕೆಂಪಗಾಗುವುದು ಸಹಜವೆಂದು ಅವರು ಮುಂಚಿತವಾಗಿಯೇ ತಿಳಿಸಿದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ವಯಸ್ಸಾದವರು ಗಾಬರಿಯಾಗುತ್ತಿದ್ದರು. ವಯಸ್ಸಾದವರನ್ನು ಕರೆದೊಯ್ಯುವವರು ಇದನ್ನು ಮೊದಲೇ ಹೇಳಿಡಬೇಕು.

ಆ ದಿನ ಗದ್ದಿಗೆಯೊಂದನ್ನೇ ನೋಡಿದೆವು. ದೊಡ್ಡವೀರರಾಜೇಂದ್ರ, ಲಿಂಗರಾಜೇಂದ್ರರ ಸಮಾಧಿಗಳ ಗುಮ್ಮಟಗಳನ್ನು ಹಿಂದಿನ ದಿನ ಓಂಕಾರೇಶ್ವರವನ್ನು ನೋಡಿ ಬಂದ ಕಣ್ಣುಗಳು ತಕ್ಷಣ ಗುರುತಿಸುತ್ತವೆ. ಜನವೇ ಇರಲಿಲ್ಲ.

ಮಳೆಗಾಲದಲ್ಲಿ ಹೋಗುವವರಿಗೆ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಲಿನ ಬೆಟ್ಟಗಳು ಕುಸಿದು ಊರುಗಳೇ ಮಣ್ಣಾದವು, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜರಿಯಿತು. ಹೊರಡುವ ಹಿಂದಿನ ದಿನ ಜಿಲ್ಲಾಡಳಿತದ ಸೂಚನೆಯನ್ನೂ ಹವಾಮಾನ ಇಲಾಖೆಯ ಮುನ್ನೆಚ್ಚರಿಕೆಯನ್ನೂ ನೋಡಿ, ರೆಡ್ ಅಲರ್ಟ್ ಇದ್ದರೆ ಪಾಯಸದ ದಿನವಾದರೂ ಸರಿ, ಪ್ರಯಾಣವನ್ನು ಬಿಡಬೇಕು. ನಾನೂ ಹಾಗೆಯೇ ಒಂದು ವರ್ಷ ಬಿಟ್ಟಿದ್ದೇನೆ.

ಕಾಚಂಪುಳಿಯ ಬಾಟಲಿಯನ್ನು ಸುದ್ದಿಪತ್ರಿಕೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತಾಯಿಯವರು ಮೈಸೂರು ತಲುಪುವವರೆಗೂ ಮಡಿಲಲ್ಲಿ ನೆಟ್ಟಗೆ ಹಿಡಿದುಕೊಂಡಿದ್ದರು. ಈಗ ನಮ್ಮ ಮನೆಯಲ್ಲಿ ಕೆಸುವಿನ ಸಾರಿಗೆ ಹುಣಸೆಯ ಬದಲು ಅದೇ ಬೀಳುತ್ತದೆ, ಅರ್ಧ ಚಮಚ ಸಾಕು.